ಕರಟದ ಇದ್ದಿಲೂ ಅನಿಲಗಳ ನಿಯಮವೂ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಎಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ಮೊದಲು ಬರುವುದು ತೆಂಗು. ಆ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುವುದು ರೂಢಿ. ಒಳಗಿನ ನೀರು ಮೆಲ್ಲಮೆಲ್ಲನೆ ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಕರಟ ಬಚ್ಚಲಿನ ಹಂಡೆಯ ಒಲೆಗೆ ಬೀಳುತ್ತದೆ. ಹೀಗೆ ಕಡೆಗಣಿಸಲ್ಪಟ್ಟ ಕರಟಕ್ಕೆ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಒಂದು ಗೌರವದ ಸ್ಥಾನವುಂಟು. ಅದನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಒಂದು ಕಾರಣವಿದೆ. ಕೆಲವು ಕಾಲದ ಹಿಂದೆ ತುರುವೇಕೆರೆಗೆ ಹೋಗಿ, ಅಲ್ಲಿಯ ನುಣುಪಾದ ಕರಿಶಿಲೆಯ ನಂದಿಯನ್ನು ನೋಡಿಕೊಂಡು, ಪರಿಚಿತರಾದ ತೋಟದ ಯಜಮಾನರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಒಲೆಯಲ್ಲಿ ಉರಿಯುತ್ತಿದ್ದ ಕರಟವನ್ನು ಕಂಡು, ಇದರ ಇದ್ದಿಲು ತನ್ನ ಗಾತ್ರದ ನೂರೆಪ್ಪತ್ತರಷ್ಟು ಅಮೋನಿಯಾ ಅನಿಲವನ್ನು ನುಂಗಬಲ್ಲುದೆಂದು ಸ್ವಲ್ಪ ವಿದ್ಯಾಗರ್ವದಿಂದಲೇ ಹೇಳಿದೆವು. ಯಜಮಾನರು ನಕ್ಕು, “ಅಲ್ಲ ಮೇಷ್ಟ್ರೇ, ಅಷ್ಟು ಗಾಳಿ ಇಷ್ಟು ಇದ್ದಿಲಲ್ಲಿ ಹೆಂಗೆ ಹಿಡಿಸ್ತದೆ? ಯಾರು ಅದನ್ನ ಒಳಕ್ಕೆ ಅದುಮೋರು?” ಎಂದು ಕೇಳಿದರು. ಇಪ್ಪತ್ತು ವರ್ಷ ಅನಿಲಗಳ ನಿಯಮವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿದ್ದ ನಾವು ಒಡನೆ ಉತ್ತರ ಹೇಳಲಾರದೆ ಹೋದೆವು. ಅದುಮುವುದು ಎಂಬ ಅವರ ಮಾತಿನಲ್ಲಿಯೇ ವಿಷಯದ ಮರ್ಮವೆಲ್ಲ ಅಡಗಿತ್ತು.

ಅನಿಲವನ್ನು ಅದುಮಿದರೆ ಏನಾಗುವುದೆಂಬುದನ್ನು ಅಳೆದು ತೋರಿಸಿದವನು ರಾಬರ್ಟ್ ಬಾಯಿಲ್. ಒಂದು ತುದಿ ಮುಚ್ಚಿದ, ಕೊಕ್ಕೆಯಂತೆ ಬಾಗಿದ ಗಾಜಿನ ಕೊಳವೆಯಲ್ಲಿ ಸ್ವಲ್ಪ ಗಾಳಿಯನ್ನು ಸೆರೆಹಿಡಿದು, ತೆರೆದ ತುದಿಯಿಂದ ಪಾದರಸವನ್ನು ಸುರಿಯುತ್ತ ಹೋದನು. ಒಂದು ಕಡೆಯ ಪಾದರಸವು ಇನ್ನೊಂದು ಕಡೆಗಿಂತ ಸುಮಾರು 29 ಅಂಗುಲ ಎತ್ತರಕ್ಕೆ ನಿಂತಾಗ ಸೆರೆಯ ಗಾಳಿ ಅರ್ಧಕ್ಕೆ ಕುಗ್ಗಿತು. ವಾಯುಮಂಡಲದ ಭಾರಕ್ಕೆ ಅಷ್ಟೇ ಭಾರ ಸೇರಿ ಒತ್ತಡವು ಎರಡರಷ್ಟಾಗಿತ್ತು. ಒತ್ತಡ ಎಷ್ಟು ಮಡಿ ಹೆಚ್ಚುವುದೋ ಗಾತ್ರ ಅಷ್ಟು ಮಡಿ ಕುಗ್ಗುವುದೆಂಬ ಈ ನಿಯಮ 1662ರಲ್ಲಿ ಪ್ರಕಟವಾಯಿತು. ಇದೇ ಪ್ರಯೋಗವನ್ನು ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ತುರುವೇಕೆರೆಯಲ್ಲಿ ಮಾಡಿದರೆ 27 ಅಂಗುಲ ಪಾದರಸವೇ ಸಾಕು. ಅಲ್ಲಿ ತಲೆಯ ಮೇಲಿನ ಗಾಳಿಯ ಹೊರೆ ಅಷ್ಟು ಹಗುರ. ನಿಯಮ ಮಾತ್ರ ಎರಡೆಡೆಯಲ್ಲಿಯೂ ಒಂದೇ.

ಉಷ್ಣತೆಯ ಮಾತು ತೀರ್ಮಾನವಾಗುವುದಕ್ಕೆ ಮುಂದೆ ನೂರನಾಲ್ವತ್ತು ವರ್ಷ ಹಿಡಿಯಿತು. 1783ರಲ್ಲಿ ಜಲಜನಕದ ಬೆಲೂನಿನಲ್ಲಿ ಪ್ಯಾರಿಸಿನಿಂದ ಮೇಲೇರಿದ ಷಾರ್ಲ್ ಎಂಬಾತನು ಅನಿಲಗಳೆಲ್ಲವೂ ಕಾಯಿಸಿದಾಗ ಒಂದೇ ಪ್ರಮಾಣದಲ್ಲಿ ಹಿಗ್ಗುವುದನ್ನು 1787ರ ಸುಮಾರಿಗೆ ಕಂಡನು. ಆದರೆ ಅಚ್ಚು ಹಾಕಿಸಲಿಲ್ಲ. 1802ರಲ್ಲಿ ಗೇ-ಲುಸಾಕ್ ಇದನ್ನು ತಾನೇ ಅಳೆದು, ಷಾರ್ಲನ ಹೆಸರನ್ನು ಮರೆಯದೆ ಸ್ಮರಿಸಿ, ಲೋಕಕ್ಕೆ ತಿಳಿಸಿದನು. ಒತ್ತಡ ಬದಲಾಗದಿದ್ದರೆ, ಒಂದೊಂದು ಸೆಂಟಿಗ್ರೇಡ್ ಡಿಗ್ರಿಗೂ ಅನಿಲವು ಸೊನ್ನೆ ಡಿಗ್ರಿಯಲ್ಲಿದ್ದ ತನ್ನ ಗಾತ್ರದ 273ರಲ್ಲಿ ಒಂದು ಪಾಲಿನಷ್ಟು ಹಿಗ್ಗುವುದೆಂದು ಈಗ ನಾವು ಕಲಿಸುತ್ತೇವೆ. ಒತ್ತಡ, ಗಾತ್ರ, ಉಷ್ಣತೆ, ಈ ಮೂರರ ಸಂಬಂಧ ಹೀಗೆ ಗೊತ್ತಾಯಿತು.

ಇನ್ನು ಇದ್ದಿಲಿಗೆ ಬರೋಣ. ಕೆಂಪಗೆ ಕಾಯಿಸಿ ಗಾಳಿ ತಾಗದಂತೆ ಆರಿಸಿದ ಇದ್ದಿಲು ಅನಿಲಗಳನ್ನು ಹೀರುವುದೆಂಬುದು 1770ರ ದಶಕದಲ್ಲಿಯೇ ಷೀಲೆ ಮತ್ತು ಫೊಂಟಾನರಿಗೆ ತಿಳಿದಿತ್ತು. 1814ರಲ್ಲಿ ಸೊಸ್ಯೂರ್ ಎಂಬಾತನು ಅಳೆದು ಪಟ್ಟಿಯನ್ನು ಕೊಟ್ಟನು. ಒಂದು ಪಾಲು ಮರದ ಇದ್ದಿಲು ಅಮೋನಿಯಾವನ್ನು 90 ಪಾಲು, ಇಂಗಾಲಾಮ್ಲವನ್ನು 35 ಪಾಲು, ಜಲಜನಕವನ್ನು ಎರಡು ಪಾಲಿಗೂ ಕಡಿಮೆ ಹೀರಿತು. 1860ರ ದಶಕದಲ್ಲಿ ಜಾನ್ ಹಂಟರ್ ಎಂಬ ರಸಾಯನಜ್ಞನು ತೆಂಗಿನ ಕರಟದ ಇದ್ದಿಲನ್ನು ಪರೀಕ್ಷಿಸಿದನು. ಅದು ಅಮೋನಿಯಾವನ್ನು ಸುಮಾರು 171 ಪಾಲು, ಇಂಗಾಲಾಮ್ಲವನ್ನು ಸುಮಾರು 67 ಪಾಲು ಹೀರಿತು!

ಬಾಯಿಲನ ನಿಯಮದಂತೆ ನೂರೆಪ್ಪತ್ತು ಪಾಲು ಅನಿಲವನ್ನು ಒಂದು ಪಾಲಿಗೆ ಇಳಿಸಲು ನೂರೆಪ್ಪತ್ತು ವಾಯುಮಂಡಲಗಳ ಒತ್ತಡ ಬೇಕು. ಇಲ್ಲಿ ಅದುಮುವವರು ಯಾರೂ ಇಲ್ಲ. ಹಾಗಾದರೆ ನಿಯಮ ಸುಳ್ಳಾಯಿತೆ? ಸೊಸ್ಯೂರನ ಪಟ್ಟಿಯೇ ಸುಳುಹು ಕೊಡುತ್ತದೆ. ಸುಲಭವಾಗಿ ದ್ರವವಾಗತಕ್ಕ ಅನಿಲವನ್ನು ಇದ್ದಿಲು ಹೆಚ್ಚಾಗಿ ಹೀರುತ್ತದೆ. ದ್ರವವಾಗಲು ಒಪ್ಪದ ಜಲಜನಕವನ್ನು ಬಹಳ ಕಡಿಮೆ. ಅನಿಲದ ಕಣಗಳು ಒಂದನ್ನೊಂದು ಸೆಳೆಯುತ್ತವೆ, ಸ್ವಂತ ಜಾಗವನ್ನೂ ಆಕ್ರಮಿಸುತ್ತವೆ, ಆದುದರಿಂದ ಬಾಯಿಲನ ನಿಯಮ ಪೂರ್ಣ ನಿಖರವಲ್ಲ ಎಂದು 1873ರಲ್ಲಿ ವಾನ್ ಡರ್ ವಾಲ್ಸ್ ಸಾಧಿಸಿದನು. ಅಂತಹುದೇ ಸೆಳೆತವು ಇದ್ದಿಲಿನ ಮೈಗೂ ಅನಿಲಕ್ಕೂ ನಡುವೆ ಉಂಟು. ಒಳಕ್ಕೆ ಅದುಮುವವರು ಯಾರೂ ಅಲ್ಲ, ಇದ್ದಿಲೇ ಎಳೆದುಕೊಳ್ಳುತ್ತದೆ.

ಅಷ್ಟು ಮೈ ಎಲ್ಲಿಂದ ಬಂತು? ಹದಮಾಡಿದ ಇದ್ದಿಲಿನ ಒಂದು ಗ್ರಾಮಿನೊಳಗಿನ ಸೂಕ್ಷ್ಮರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರು, ಎಂದರೆ ಹತ್ತು ಗುಂಟೆ ನೆಲವಾಗುತ್ತದೆ. ತುರುವೇಕೆರೆಯ ರೈತನು ಹದಿನೈದು ತೆಂಗಿನ ಗಿಡ ನೆಡುವಷ್ಟು ಜಾಗವು ಒಂದು ಚಿಟಿಕೆ ಕರಿಯ ಪುಡಿಯಲ್ಲಿ ಮಡಿಸಿಕೊಂಡಿದೆ.

ಉಷ್ಣತೆಯ ಪಾತ್ರವನ್ನು ಚೆನ್ನಾಗಿ ತೋರಿಸಿದವನು ಜೇಮ್ಸ್ ಡ್ಯೂವರ್. ಒಂದು ಘನ ಸೆಂಟಿಮೀಟರು ಕರಟದ ಇದ್ದಿಲು ಸೊನ್ನೆ ಡಿಗ್ರಿಯಲ್ಲಿ 18 ಘನ ಸೆಂಟಿಮೀಟರು ಆಮ್ಲಜನಕವನ್ನು ಹೀರಿದರೆ, ಸೊನ್ನೆಗಿಂತ 185 ಡಿಗ್ರಿ ಕೆಳಗೆ 230 ಹೀರಿತು. ಗೇ-ಲುಸಾಕನ ನಿಯಮದಂತೆ ಅಷ್ಟು ಚಳಿಯಲ್ಲಿ ಅನಿಲ ಮೂರರಲ್ಲಿ ಒಂದು ಪಾಲಿಗೆ ಕುಗ್ಗುವುದರಿಂದ, ಕುಗ್ಗುವಿಕೆಯೊಂದೇ ಕಾರಣವಾಗಿದ್ದರೆ 18 ಎಂಬುದು 54ರ ಆಸುಪಾಸಿಗೆ ನಿಲ್ಲಬೇಕಾಗಿತ್ತು. ಉಳಿದುದು ಸೆಳೆತದ ಕೆಲಸ. ಕಣಗಳ ಓಡಾಟ ತಗ್ಗಿದಾಗ ಇದ್ದಿಲಿನ ಹಿಡಿತ ಬಿಗಿಯಾಗುತ್ತದೆ. ಈ ಉಪಾಯದಿಂದ ಪಾತ್ರೆಯೊಳಗೆ ಉಳಿದ ಕೊನೆಯ ಗಾಳಿಯನ್ನೂ ಹೀರಿಸಿ ಡ್ಯೂವರನು ಅತ್ಯುತ್ತಮ ನಿರ್ವಾತವನ್ನು ಸಾಧಿಸಿದನು.

ಇಷ್ಟರವರೆಗೆ ಇದು ಪ್ರಯೋಗಶಾಲೆಯ ಕೌತುಕವಾಗಿತ್ತು. 1915ನೆಯ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ವಿಷಾನಿಲವನ್ನು ಗಾಳಿಯೊಡನೆ ಬಿಟ್ಟಾಗ ಅದು ಜೀವನ್ಮರಣದ ಪ್ರಶ್ನೆಯಾಯಿತು. ಬೇಗನೆ ಇದ್ದಿಲಿನ ಮುಖವಾಡಗಳು ಬಂದವು. ಅಮೆರಿಕದವರು ತಮ್ಮ ಸೈನಿಕರಿಗಾಗಿ ಕರಟದ ಇದ್ದಿಲನ್ನು ಆರಿಸಿಕೊಂಡರು. ಕರಟ ಸಾಲದೆ 1918ರಲ್ಲಿ ಅಲ್ಲಿಯ ಮನೆಮನೆಗಳಿಂದ ಹಣ್ಣಿನ ಓಟೆಗಳನ್ನೂ ಕಾಯಿಗಳ ಸಿಪ್ಪೆಗಳನ್ನೂ ಕೂಡಿಸಬೇಕಾಯಿತು. ನಮ್ಮಲ್ಲಿ ಹಂಡೆಯ ನೀರು ಕಾಯಿಸುತ್ತಿದ್ದ ವಸ್ತುವೇ ಅಲ್ಲಿ ತಾಯಂದಿರ ಮಕ್ಕಳ ಉಸಿರನ್ನು ಕಾಯಿತು.

ಅದೇ 1918ರಲ್ಲಿ, ಇದೇ ತುಮಕೂರು ಸೀಮೆಯ ಬೆಳ್ಳಾವೆ ವೆಂಕಟನಾರಣಪ್ಪನವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬೋಧಕರಾಗಿದ್ದವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಶಾಸ್ತ್ರವು ಇಂಗ್ಲಿಷ್ ಬಲ್ಲವರ ಸೊತ್ತಾಗಿ ಉಳಿಯಬಾರದೆಂಬುದು ಅವರ ಹಂಬಲ. ಇಂಗ್ಲಿಷಿನಲ್ಲಿ ಓದಿ ಪದವಿ ಪಡೆದ ನಾವು, ತುರುವೇಕೆರೆಯ ಅಂಗಳದಲ್ಲಿ ತಡವರಿಸಿ ನಿಂತಾಗ, ಆ ಹಂಬಲದ ಬೆಲೆಯನ್ನು ಅರಿತೆವು. ನಿಯಮವು ನಮಗೆ ಬಾಯಿಪಾಠವಾಗಿತ್ತು. ಅದು ಎಲ್ಲಿ ನಿಲ್ಲುತ್ತದೆಂಬುದನ್ನು ಕೇಳಿದವರು ತೋಟದ ಯಜಮಾನರು.

ಮರುಸಲ ಅಲ್ಲಿಗೆ ಹೋದಾಗ ಮೇಲಿನ ಉತ್ತರವನ್ನು ಅವರಿಗೆ ತಿಳಿಸಿದೆವು. ಹತ್ತು ಗುಂಟೆಯ ಲೆಕ್ಕವನ್ನು ಕೇಳಿ ಅವರು ಒಲೆಯ ಕಡೆ ತಿರುಗಿ, ಆರಿದ್ದ ಕರಟದ ಚೂರೊಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. “ಹಂಗಾದ್ರೆ ನಮ್ಮ ತೋಟಕ್ಕಿಂತ ಇದೇ ದೊಡ್ಡದು ಅನ್ನಿ” ಎಂದರು.