ಜಮಖಂಡಿ ಸೀಮೆಯ ಕನ್ನಡವೂ ಇಂಗ್ಲೀಷಿನ ಪೂರ್ಣವರ್ತಮಾನವೂ

ಕನ್ನಡ ವೈಯಾಕರಣರು ಕ್ರಿಯೆಗೆ ಕಾಲಗಳು ಮೂರೆಂದು ಹೇಳಿರುವುದು ಸುವಿದಿತವು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಭೂತಕ್ಕೆ ದ, ಭವಿಷ್ಯತ್ತಿಗೆ ವ, ವರ್ತಮಾನಕ್ಕೆ ದಪ ಎಂಬ ಪ್ರತ್ಯಯಗಳನ್ನು ವಿಧಿಸಿದನು. ಹಿಂದೆ ಮುಗಿದು ಇಂದಿಗೂ ಫಲವುಳ್ಳ ಕ್ರಿಯೆಗಾಗಲಿ, ಹಿಂದೆ ತೊಡಗಿ ಇಂದಿನವರೆಗೆ ನಡೆದುಬಂದ ಕ್ರಿಯೆಗಾಗಲಿ ಅಲ್ಲಿ ಪ್ರತ್ಯೇಕ ಸಂಜ್ಞೆಯಿಲ್ಲ. ಇಂಗ್ಲೀಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ರೂಪಗಳುಂಟು. ಮೊದಲನೆಯದನ್ನು ಪೂರ್ಣವರ್ತಮಾನವೆಂದೂ ಎರಡನೆಯದನ್ನು ಅನುವೃತ್ತವರ್ತಮಾನವೆಂದೂ ಇಲ್ಲಿ ಕರೆಯಲಾಗಿದೆ. ಸಂಜ್ಞೆಯಿಲ್ಲದ ಮಾತ್ರಕ್ಕೆ ಕನ್ನಡದಲ್ಲಿ ಆ ಅರ್ಥಗಳೇ ಇಲ್ಲವೆಂದು ಭಾವಿಸುವುದು ಯುಕ್ತವಲ್ಲ.

ಸಂಸ್ಕೃತಾಭ್ಯಾಸಿಗಳಿಗೆ ಇಲ್ಲಿ ಒಂದು ಭ್ರಾಂತಿಗೆ ಆಸ್ಪದವುಂಟು. ಪಾಶ್ಚಾತ್ಯ ಪಂಡಿತರು ಲಿಟ್ ಲಕಾರವನ್ನು ‘ಪರ್ಫೆಕ್ಟ್’ ಎಂದು ಕರೆದರು. ಪಾಣಿನಿಯ ಮತದಲ್ಲಾದರೋ ಲಿಟ್ಟು ವಕ್ತೃವಿಗೆ ಪರೋಕ್ಷವಾದ ಭೂತಕ್ಕೆ ಸಲ್ಲುವುದು. ಇಂಗ್ಲೀಷಿನ ಪೂರ್ಣವರ್ತಮಾನವು ಇಂದಿನ ಸ್ಥಿತಿಯನ್ನೇ ಮುಟ್ಟಿರುವುದು. ಹೆಸರು ಒಂದಾದರೂ ವಿಷಯ ಬೇರೆ. ಆದುದರಿಂದ ಇದರ ಸದೃಶವನ್ನು ಲಕಾರಗಳಲ್ಲಿ ಹುಡುಕದೆ ದೇಶ್ಯದಲ್ಲಿಯೇ ಹುಡುಕುವುದು ಲೇಸು.

ಕೃಷ್ಣಾ ಘಟಪ್ರಭೆಗಳ ಸೀಮೆಯ ಆಡುನುಡಿಯಲ್ಲಿ ಅದು ದೊರೆಯುವುದು. ರನ್ನನ ಜನ್ಮಸ್ಥಳವಾದ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿತ್ತು. ಜಮಖಂಡಿಯೂ ಬನಹಟ್ಟಿಯೂ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ, ರಬಕವಿಯು ಸಾಂಗಲಿ ಸಂಸ್ಥಾನಕ್ಕೆ, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1997ರಿಂದ ಇವೆಲ್ಲವೂ ಬಾಗಲಕೋಟೆ ಜಿಲ್ಲೆಯಲ್ಲಿವೆ. ಆಡಳಿತವು ಹೀಗೆ ಹಂಚಿಹೋಗಿದ್ದರೂ ಜನರ ಕ್ರಿಯಾರೂಪಗಳು ಹಂಚಿಹೋಗಲಿಲ್ಲ.

ಈ ಸೀಮೆಯಲ್ಲಿ ‘ಬಂದ’ ಎಂದರೆ ಬರುವಿಕೆ ನಡೆಯಿತೆಂದಷ್ಟೇ ಅರ್ಥ. ‘ಬಂದಾನ’ ಎಂದರೆ ಬಂದವನು ಈಗ ಇಲ್ಲಿರುವನೆಂಬ ಅರ್ಥ. ‘ಮಳಿ ಬಂದೈತಿ’ ಎಂಬಲ್ಲಿ ‘ಬಂದು’, ‘ಐತಿ’ ಎಂಬ ಎರಡು ಅಂಶಗಳೂ ಕಾಣುವುದರಿಂದ, ‘ಬಂದಾನ’ ಎಂಬುದೂ ‘ಇರು’ ಧಾತುವಿನ ವರ್ತಮಾನರೂಪ ಸೇರಿ ಸಂಕುಚಿತವಾದುದೆಂದು ಊಹಿಸಬಹುದು. ಇಂಗ್ಲೀಷು ‘ಹ್ಯಾವ್’ ಎಂಬ ಸ್ವಾಮ್ಯವಾಚಕದಿಂದ ಸಾಧಿಸುವುದನ್ನು ಕನ್ನಡವು ಸತ್ತಾವಾಚಕದಿಂದ ಸಾಧಿಸುವುದು.

ಎರಡನೆಯ ರೂಪವು ಇನ್ನೂ ಕುತೂಹಲಕರವು. ರಬಕವಿ-ಬನಹಟ್ಟಿಯ ನೇಕಾರನನ್ನು ಕುರಿತು ‘ಮೂರು ಸೀರಿ ನೇಯ್ದಾನ’ ಎಂದರೆ ಫಲವು ಪ್ರಧಾನ. ‘ಮುಂಜಾನಿಂದ ನೇಯಾಕ ಹತ್ತ್ಯಾನ’ ಎಂದರೆ ಅವಧಿಯು ಪ್ರಧಾನ. ಇಂಗ್ಲೀಷಿನಲ್ಲಿ ಮೊದಲನೆಯದು ‘ಹ್ಯಾಜ್ ವೋವನ್’, ಎರಡನೆಯದು ‘ಹ್ಯಾಜ್ ಬೀನ್ ವೀವಿಂಗ್’. ‘ಹತ್ತ್ಯಾನ’ ಎಂಬುದೇ ‘ಮಾಡ್ಯಾನ’ದಂತೆ ಪೂರ್ಣವರ್ತಮಾನವು, ನೇಯಲು ತೊಡಗಿ ಅದರಲ್ಲಿಯೇ ಇರುವನೆಂಬುದು ಅವಯವಾರ್ಥ. ತೊಡಗಿದ ಹಿಂದಿನ ಕ್ಷಣವೂ ಇಂದಿನ ಸ್ಥಿತಿಯೂ ಒಂದೇ ಪದದಲ್ಲಿ ಅಡಗಿವೆ.

ಆದರೂ ಸಾಮ್ಯವು ಸಂಪೂರ್ಣವಲ್ಲ. ಈ ಕ್ಷಣದಲ್ಲಿ ನಡೆಯುವ ಕ್ರಿಯೆಗೂ ‘ನೇಯಾಕ ಹತ್ತ್ಯಾನ’ ಎಂದೇ ಹೇಳುವುದರಿಂದ, ವಿದ್ಯಾರ್ಥಿಯು ಹತ್ತು ವರ್ಷಗಳ ನೇಯ್ಗೆಗೂ ‘ಈಜ್ ವೀವಿಂಗ್’ ಎಂದು ಬರೆಯುವನು. ‘ಮುಂಜಾನಿಂದ’, ‘ಹತ್ತು ವರ್ಷದಿಂದ’ ಎಂದು ಆರಂಭಕ್ಕೂ ಅವಧಿಗೂ ಕನ್ನಡದಲ್ಲಿ ಒಂದೇ ವಿಭಕ್ತಿಯಿರುವುದರಿಂದ ‘ಫಾರ್’ ಬರಬೇಕಾದಲ್ಲಿ ‘ಸಿನ್ಸ್’ ಎನ್ನುವನು. ‘ನಿನ್ನೆ ಬಂದಾನ’ ಎಂಬುದು ಇಲ್ಲಿ ಸಾಧುವು. ಇಂಗ್ಲೀಷಿನಲ್ಲಿ ‘ನಿನ್ನೆ’ ಎಂಬ ನಿಯತಕಾಲದೊಡನೆ ಪೂರ್ಣವರ್ತಮಾನ ಸಲ್ಲದು. ‘ತಿಳಿ’ ಎಂಬ ಅರ್ಥದ ‘ನೋ’ ಮುಂತಾದ ಸ್ಥಿತಿವಾಚಕಗಳಿಗೆ ಅವಧಿಯಿದ್ದರೂ ಸಾಮಾನ್ಯವಾಗಿ ಅನುವೃತ್ತರೂಪ ಬಾರದು.

ಕೇರಿ (1817), ಮೆಕೆರೆಲ್ (1820), ಕಿಟ್ಟೆಲ್ (1903) ಇವರು ಕನ್ನಡ ವ್ಯಾಕರಣವನ್ನು ಇಂಗ್ಲೀಷಿನಲ್ಲಿ ಬರೆದರು. ಇಂಗ್ಲೀಷನ್ನು ಕನ್ನಡದಿಂದ ವಿವರಿಸುವ ವಿಲೋಮ ಕಾರ್ಯವು ಶಾಲೆಯ ಉಪಾಧ್ಯಾಯರದು. ಅವರು ಗ್ರಾಂಥಿಕವಾದ ‘ನೇಯುತ್ತಿದ್ದಾನೆ’ ಎಂಬುದರಿಂದ ಆರಂಭಿಸಿದರೆ ತೊಡಗಿದ ಕಾಲವು ಮರೆಯಾಗುವುದು. ‘ಹತ್ತ್ಯಾನ’ ಎಂಬುದರಿಂದ ಆರಂಭಿಸಿದರೆ ಅದು ತಾನಾಗಿ ತೋರುವುದು. ವಿದ್ಯಾರ್ಥಿಯ ತಪ್ಪುಗಳು ಬುದ್ಧಿಮಾಂದ್ಯದಿಂದ ಹುಟ್ಟಿದುವಲ್ಲ; ಅವನ ನುಡಿಯ ನಿಯಮದಿಂದಲೇ ಹುಟ್ಟಿದುವು. ಗ್ರಾಮ್ಯವೆಂದು ತಿದ್ದಿಹಾಕುವ ಆ ರೂಪವೇ ಪಾಠಕ್ಕೆ ಮೊದಲ ಮೆಟ್ಟಿಲಾಗಲು ಯೋಗ್ಯವಾಗಿದೆ.