ಯಲ್ಲಾಪುರ ಸೀಮೆಯ ಕಥೋಲಿಕ ಸಿದ್ದಿಗಳು: ಸಂಕಟದ ಅರ್ಥವೂ ಹಿರಿಯರ ಪೂಜೆಯೂ

ಸಿರ್ಸಿ, ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ನೆಲಸಿರುವ, ಆಫ್ರಿಕೆಯಿಂದ ತರಲ್ಪಟ್ಟ ದಾಸರ ಸಂತತಿಯವರಾದ ಕಥೋಲಿಕ ಸಿದ್ದಿಗಳ ಧರ್ಮಶ್ರದ್ಧೆಯನ್ನು ಕುರಿತು ಒಂದು ನಿರ್ಣಯವು ಪರೀಕ್ಷೆಗೊಳಗಾಗದೆಯೇ ರೂಢಿಗೆ ಬಂದಿರುವುದು. ಗೋವೆಯ ಪೋರ್ತುಗೀಸ್ ಒಡೆಯರು ದಾಸರಿಗೆ ದೀಕ್ಷಾಸ್ನಾನದೊಡನೆ ಸಹನೆಯ ಉಪದೇಶವನ್ನೂ ಹೇರಿದರೆಂದೂ, ಶಿಲುಬೆಯ ಧ್ಯಾನವು ಅವರನ್ನು ಮೊದಲು ಆ ಒಡೆಯರಿಗೆ, ಬಳಿಕ ಘಟ್ಟದ ಮೇಲಣ ಅಡಿಕೆ ತೋಟಗಳ ಯಜಮಾನರಿಗೆ ವಿಧೇಯರನ್ನಾಗಿಸಿತೆಂದೂ, ಅವರ ಮನೆಗಳಲ್ಲಿ ನಡೆಯುವ ‘ಹಿರಿಯರ’ ಪೂಜೆಯಾದರೋ ಆ ಕ್ರೈಸ್ತತ್ವವು ಬರಿಯ ಮೇಲುಹೊದಿಕೆಯೆಂಬುದಕ್ಕೆ ಪ್ರಮಾಣವೆಂದೂ ಈ ಪಕ್ಷದವರು ವಾದಿಸುವರು. ಬರಿಯ ಮೇಲುಹೊದಿಕೆಯಾದ ಶ್ರದ್ಧೆಯು ಒಂದು ಜನಾಂಗದ ಸಂಕಲ್ಪಶಕ್ತಿಯನ್ನೇ ಮುರಿಯುವಷ್ಟು ಆಳಕ್ಕೆ ಇಳಿದದ್ದು ಹೇಗೆಂಬುದನ್ನು ಮಾತ್ರ ಅವರು ವಿವರಿಸುವುದಿಲ್ಲ.

ವಿವಾದದ ತಿರುಳು ಹಿರಿಯರ ಪೂಜೆಯಲ್ಲಿರುವುದು. ಮನೆಯ ಮೂಲೆಯಲ್ಲಿ ತೆಂಗಿನಕಾಯಿಯನ್ನಿರಿಸಿ, ಗತಿಸಿದವರನ್ನು ನೆನೆದು ಎಡೆಯಿಡುವ ಈ ಆಚರಣೆಯು, ರೂಪಭೇದಗಳಿದ್ದರೂ, ಹಿಂದೂ, ಕ್ರೈಸ್ತ, ಮುಸಲ್ಮಾನ ಸಿದ್ದಿಗಳಿಗೆಲ್ಲ ಸಾಮಾನ್ಯವಾದುದು. ಇದು ಇಗರ್ಜಿಯ ಉಪದೇಶದಿಂದ ಹುಟ್ಟಿತೆಂದು ನಾನು ಸಾಧಿಸಹೊರಟಿಲ್ಲ. ಆದರೆ ಮೃತರಿಗಾಗಿ ಪ್ರಾರ್ಥಿಸುವುದನ್ನು ಕರ್ತವ್ಯವೆಂದೇ ಬೋಧಿಸಿ, ನವೆಂಬರ್ 2ನ್ನು ಅದಕ್ಕೆಂದೇ ಮೀಸಲಿಟ್ಟ ಧರ್ಮಸಭೆಯ ಮಕ್ಕಳು ತಮ್ಮ ಹಿರಿಯರನ್ನು ನೆನೆದರೆ ಅದರಿಂದಲೇ ಅವರನ್ನು ಅರೆಕ್ರೈಸ್ತರೆನ್ನುವುದು ಕಥೋಲಿಕ ಸಂಪ್ರದಾಯವನ್ನರಿಯದವರ ಮಾತು.

ಆ ಹಿರಿಯರಾದರೂ ಯಾರು? ಆಫ್ರಿಕೆಯ ಕರಾವಳಿಯಿಂದ ಹಡಗಿನಲ್ಲಿ ತರಲ್ಪಟ್ಟು, ಗೋವೆಯಲ್ಲಿ ಮಾರಲ್ಪಟ್ಟು, ಹಲವರು ತಪ್ಪಿಸಿಕೊಂಡು, ಕೆಲವರು ಬಿಡುಗಡೆ ಹೊಂದಿ ಘಟ್ಟದ ಕಾಡು ಸೇರಿದವರು. ಓಡಿಬಂದವರನ್ನು ಪೂಜಿಸುವ ಜನ ದಾಸ್ಯವನ್ನು ದೈವೇಚ್ಛೆಯೆಂದು ಒಪ್ಪಿಕೊಂಡವರಲ್ಲ. ಶಿಲುಬೆಯ ಬೋಧೆಯಾದರೂ ಹಾಗೆ ಒಪ್ಪಿಕೊಳ್ಳುವುದನ್ನು ಕಲಿಸುವುದಿಲ್ಲ: ಪೌಲನು ಕೊಲೊಸ್ಸೆಯರಿಗೆ ಬರೆದ ಪತ್ರದ 1ನೆಯ ಅಧ್ಯಾಯದಲ್ಲಿ ತನ್ನ ಸಂಕಟವನ್ನು ಕ್ರಿಸ್ತನ ಸಂಕಟದೊಡನೆ ಕೂಡಿಸಿದ್ದುದು ಧರ್ಮಸಭೆಯ ಹಿತಕ್ಕಾಗಿಯೇ ಹೊರತು ಒಡೆಯರ ಹಿತಕ್ಕಾಗಿಯಲ್ಲ. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1984ರ ಫೆಬ್ರವರಿ 11ರಂದು ಹೊರಡಿಸಿದ ‘ಸಾಲ್ವಿಫಿಚಿ ದೊಲೋರಿಸ್’ ಎಂಬ ಪತ್ರವು ಸಂಕಟದ ರಹಸ್ಯವನ್ನು ಕ್ರಿಸ್ತನ ಶಿಲುಬೆಯಲ್ಲಿ ಅರಸಿ, ಕಡೆಗೆ ದಯಾಳು ಸಮಾರಿಯದವನ ಸಾಮತಿಗೆ ಬಂದು ನಿಲ್ಲುವುದು. ನೊಂದವನು ತನ್ನ ನೋವನ್ನು ದೇವರಿಗೆ ಅರ್ಪಿಸಬಹುದು, ಆದರೆ ಕಂಡವನು ಅವನ ಗಾಯವನ್ನು ಕಟ್ಟಲೇಬೇಕು. ಈ ಕೊನೆಯ ಭಾಗವನ್ನು ಓದದೆ ಕಥೋಲಿಕ ಬೋಧೆಯನ್ನು ಜೀತದ ಸಮರ್ಥನೆಯೆಂದು ಜರೆಯುವವರೂ, ಅದನ್ನು ಮರೆಮಾಚಿ ಬಡವರಿಗೆ ಬರಿಯ ತಾಳ್ಮೆಯನ್ನು ಬೋಧಿಸುವವರೂ ಒಂದೇ ತಪ್ಪನ್ನು ಎಸಗುವರು.

ಸಂಕಟದಲ್ಲಿ ಅರ್ಥವನ್ನು ಕಾಣುವುದಕ್ಕೂ ಸಂಕಟದಿಂದ ಪಾರಾಗಲು ಹೆಣಗುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಸಿದ್ದಿಗಳ ಚರಿತ್ರೆಯೇ ಸಾಕ್ಷಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದಾಗ ಆ ಮನ್ನಣೆಯು ಮತಭೇದವಿಲ್ಲದೆ ಮೂರು ಧರ್ಮದವರಿಗೂ ಸಂದಿತು. ಮುಂದಿನ ಸಂಶೋಧಕರು ಒಡೆಯರ ಕಾಗದಪತ್ರಗಳ ಜತೆಗೆ ಈ ಮನೆಗಳ ಆಚರಣೆಯನ್ನೂ ಸಮಾನ ಗೌರವದಿಂದ ಪರಿಶೀಲಿಸಬೇಕೆಂದು ನನ್ನ ವಿನಂತಿ.