ಮೆಜೆಸ್ಟಿಕ್‌ನ ಕೆರೆಗೆ ಬರ್ತಿದ್ದ ನೀರು ಎಲ್ಲಿಗೆ ಹೋಯ್ತು?

1/5
ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ನೀವು ನಿಂತಿರೋದು ಕೆರೆಯಂಗಳದಲ್ಲಿ, ಗೊತ್ತಾ? ಅದು ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆ ಇದ್ದ ಜಾಗದಲ್ಲಿ. ಚಲ್ಲಘಟ್ಟ ಕೆರೆ ಈಗ ಗಾಲ್ಫ್ ಮೈದಾನ. ಕೆರೆ ಹೋಯ್ತಲ್ಲಾ ಅಂತ ಬೇಜಾರಾಗೋ ಪೋಸ್ಟ್‌ಗಳು ಬೇಕಾದಷ್ಟಿವೆ. ಇವತ್ತು ಇನ್ನೊಂದು ಪ್ರಶ್ನೆ ಕೇಳೋಣ: ಕೆರೆಗೆ ಬರ್ತಿದ್ದ ನೀರು ಏನಾಯ್ತು? 👉

2/5
ಬೆಂಗಳೂರು ಇರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ. ಊರಿಗೆ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಒಂದು ಕಡೆ ವೃಷಭಾವತಿಗೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ ಇಳಿದು ಹೋಗುತ್ತೆ. ಅದಕ್ಕೇ ಹಿಂದಿನವರು ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿದರು. ಗದ್ದೆಗೆ ನೀರು ಬಿಡೋಕೆ ತೂಬು, ಹೆಚ್ಚಾದ ನೀರು ಹೊರಗೆ ಹೋಗೋಕೆ ಕೋಡಿ. ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ತೂಬು ನೋಡಿಕೊಳ್ಳೋಕೆ ಅಂತಲೇ ನೀರುಗಂಟಿ ಇರ್ತಿದ್ದ. ಅಂದ್ರೆ ಕೆರೆಗೆ ಎರಡು ಕೆಲಸ: ನೀರು ಕೊಡೋದು, ಜೋರು ಮಳೆಯನ್ನ ತಡೆದು ನಿಧಾನವಾಗಿ ಬಿಡೋದು.

3/5
1896ರಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಮನೆಯೊಳಗೆ ನಲ್ಲಿ ಬಂದ ಮೇಲೆ ಊರೊಳಗಿನ ಕೆರೆ ಯಾರಿಗೆ ಬೇಕು? ಸೊಳ್ಳೆ ಕಾಟ, ವಾಸನೆ, ಜೊತೆಗೆ ಬೆಲೆಬಾಳೋ ಜಾಗ. ಒಂದೊಂದೇ ಕೆರೆ ಬಸ್ ನಿಲ್ದಾಣ, ಮೈದಾನ, ಬಡಾವಣೆ ಆಯ್ತು. ಕೆರೆಯ ಮೊದಲನೇ ಕೆಲಸವನ್ನ ಪೈಪು ವಹಿಸಿಕೊಂಡಿತು. ಎರಡನೇ ಕೆಲಸವನ್ನ ಯಾರೂ ವಹಿಸಿಕೊಳ್ಳಲಿಲ್ಲ. 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ಉಳಿದ ಕೆರೆಗಳನ್ನಾದರೂ ಕಾಪಾಡಿ ಅಂತ ವರದಿ ಕೊಡೋ ಹೊತ್ತಿಗೆ ಬಹಳ ತಡವಾಗಿತ್ತು.

4/5
ಈಗ ಸ್ವಲ್ಪ ಲೆಕ್ಕ. 30x40 ಸೈಟ್ ಅಂದ್ರೆ ಸುಮಾರು 111 ಚದರ ಮೀಟರ್. 50 ಮಿ.ಮೀ. ಮಳೆ ಬಂದ್ರೆ ಅದರ ಮೇಲೆ ಬೀಳೋದು ಸುಮಾರು 5,500 ಲೀಟರ್. ಮಣ್ಣಿದ್ದಾಗ ಅದರಲ್ಲಿ ಒಂದಷ್ಟು ಇಂಗುತ್ತಿತ್ತು. ಕಾಂಕ್ರೀಟ್ ಆದ ಮೇಲೆ ಹೆಚ್ಚುಕಮ್ಮಿ ಅಷ್ಟೂ ರಸ್ತೆಗೆ. 100 ಸೈಟಿನ ಲೇಔಟ್ ಆದ್ರೆ ಐದೂವರೆ ಲಕ್ಷ ಲೀಟರ್, ಎಲ್ಲಾ ಒಟ್ಟಿಗೇ. ಪಾಯ ಅಗೆದ ಸಡಿಲ ಮಣ್ಣೂ ಅದರ ಜೊತೆ ಹೋಗಿ ರಾಜಕಾಲುವೆಯಲ್ಲಿ ಹೂಳಾಗುತ್ತೆ. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆ ನೆನಪಿದೆಯಾ? 24 ಗಂಟೆಯಲ್ಲಿ 131.6 ಮಿ.ಮೀ. ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ, ದೋಣಿ ಹತ್ತಿ ಮನೆಯಿಂದ ಹೊರಗೆ ಬಂದರು. ನೀರು ತನ್ನ ಹಳೇ ದಾರಿ ಹಿಡಿದಿತ್ತು, ಅಷ್ಟೇ.

5/5
ಕಾನೂನು ಇಲ್ವಾ? ಇದೆ. ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಆಯ್ತು. ರಾಜಕಾಲುವೆ ಪಕ್ಕ ಕಟ್ಟಬಾರದ ಅಂತರವೂ ನಗರ ಯೋಜನೆಯಲ್ಲಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್ ಬಿಡಿ ಅಂತ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಕಾಗದದ ಮೇಲೆ ಮೀಟರ್ ಬದಲಾಗಬಹುದು, ನೆಲದ ಇಳಿಜಾರು ಬದಲಾಗಲ್ಲ.

ಇನ್ನು ಹತ್ತು ವರ್ಷದಲ್ಲಿ ನಮ್ಮಲ್ಲೇ ಯಾರೋ ಸೈಟ್ ತಗೋತೀರಿ, ಯಾರೋ ಎಂಜಿನಿಯರ್ ಆಗಿ ಲೇಔಟ್ ನಕ್ಷೆಗೆ ಸಹಿ ಹಾಕ್ತೀರಿ. ಅದಕ್ಕೂ ಮುಂಚೆ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಹಳೇ ಗ್ರಾಮ ನಕ್ಷೆ ತೆಗೆಸಿ, ಕಾಲುವೆ ಗೆರೆ ಎಲ್ಲಿ ಹೋಗಿದೆ ಅಂತ ಹುಡುಕಿ. ನಮ್ಮ ಸೈಟಿನಲ್ಲಿ ನಾವು ಇಂಗಿಸದ ನೀರು ಹೋಗೋದು ತಗ್ಗಿನಲ್ಲಿರೋ ಯಾರದೋ ಮನೆಯೊಳಗೆ.

ನಿಮ್ಮ ಏರಿಯಾದಲ್ಲಿ ಮೊದಲು ಯಾವ ಕೆರೆ ಇತ್ತು? ಅಜ್ಜಿ ತಾತನ್ನ ಕೇಳಿ ಕಾಮೆಂಟ್ ಮಾಡಿ 👇

#ಬೆಂಗಳೂರುಇತಿಹಾಸ #ರಾಜಕಾಲುವೆ #ನಮ್ಮಕೆರೆ